ಯುದ್ಧದ ಆಜ್ಞೆ ಯಾರ ಕೈಯಲ್ಲಿ?

(ಇಳಕಲ್ಲಿನ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಲ್ಲಿಂದ ಐಹೊಳೆ ದೂರವೇನಲ್ಲ. ಅಲ್ಲಿನ ಮೇಗುತಿ ಜಿನಾಲಯದಲ್ಲಿ ಕ್ರಿ.ಶ. 634ರ ಶಾಸನವಿದೆ. ಇಮ್ಮಡಿ ಪುಲಿಕೇಶಿಯ ದಂಡಯಾತ್ರೆಗಳನ್ನು ಕವಿ ರವಿಕೀರ್ತಿ ಅದರಲ್ಲಿ ಹಾಡಿ ಹೊಗಳಿದ್ದಾನೆ. ಎಂಟೇ ವರ್ಷಗಳಲ್ಲಿ ಪಲ್ಲವ ನರಸಿಂಹವರ್ಮನ ಸೇನೆ ಬಾದಾಮಿಯನ್ನೇ ವಶಪಡಿಸಿಕೊಂಡಿತು. ದಂಡೆತ್ತಿ ಹೋಗುವಾಗ ಅರಸನು ಪ್ರಜೆಗಳನ್ನು ಕೇಳಿರಲಿಲ್ಲ. ಶತ್ರು ಬಾಗಿಲಿಗೆ ಬಂದಾಗ ಮಾತ್ರ ಪ್ರಜೆಗಳೂ ಬೆಲೆ ತೆರಬೇಕಾಯಿತು.

ಅರಸೊತ್ತಿಗೆಯ ಕಾಲ ಮುಗಿಯಿತೆಂದು ನಾವು ನೆಮ್ಮದಿಯಿಂದಿದ್ದೇವೆ. ಆದರೆ ಅಮೇರಿಕವನ್ನು ನೋಡಿ. ಯುದ್ಧ ಘೋಷಿಸುವ ಅಧಿಕಾರವನ್ನು ಅದರ ಸಂವಿಧಾನವು ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ ಕೊಟ್ಟಿದೆ. ಅಧ್ಯಕ್ಷರು ಸೇನೆಯ ಮಹಾದಂಡನಾಯಕರು ಮಾತ್ರ. ವಿಯೆಟ್ನಾಂ ಯುದ್ಧದ ಕಹಿ ಉಂಡ ಕಾಂಗ್ರೆಸ್ 1973ರಲ್ಲಿ ನಿಕ್ಸನ್‌ರ ನಿರಾಕರಣಾಧಿಕಾರವನ್ನೂ ಮೀರಿ ಒಂದು ಕಾನೂನು ಮಾಡಿತು: ಸೇನೆಯನ್ನು ಕಾಳಗಕ್ಕಿಳಿಸಿದ 48 ಗಂಟೆಗಳೊಳಗೆ ವರದಿ, ಅನುಮತಿ ಸಿಗದಿದ್ದರೆ 60 ದಿನಗಳಲ್ಲಿ ನಿಲುಗಡೆ. 2011ರಲ್ಲಿ ಲಿಬಿಯಾದ ಮೇಲೆ ಬಾಂಬು ಸುರಿಯುತ್ತಿರುವಾಗಲೇ ಒಬಾಮ ಸರಕಾರವು ಇದು ಆ ಕಾನೂನು ಹೇಳುವ 'ಕಾಳಗ'ವೇ ಅಲ್ಲವೆಂದು ವಾದಿಸಿತು! 2025ರ ಜೂನ್‌ನಲ್ಲಿ ಟ್ರಂಪ್ ಕಾಂಗ್ರೆಸ್ಸಿನ ಅನುಮತಿಯಿಲ್ಲದೆಯೇ ಇರಾನಿನ ಮೂರು ಅಣುಕೇಂದ್ರಗಳ ಮೇಲೆ ದಾಳಿ ಮಾಡಿಸಿದರು. ಮರುದಿನ ಇರಾನಿನ ಕ್ಷಿಪಣಿಗಳು ಕತಾರ್‌ನ ಅಮೇರಿಕನ್ ನೆಲೆಯತ್ತ ಹಾರಿದವು. ಮಕ್ಕಳನ್ನು ದುಡಿಯಲು ಗಲ್ಫಿಗೆ ಕಳುಹಿಸಿದ ತಾಯಂದಿರಿಗೆ ಆ ರಾತ್ರಿ ಹೇಗೆ ಕಳೆದಿರಬಹುದೆಂದು ವಿವರಿಸಬೇಕಿಲ್ಲ.

ಇನ್ನು ನಮ್ಮ ಮನೆಯ ಮಾತು. ಸಂವಿಧಾನದ 53ನೇ ವಿಧಿಯಂತೆ ಸೇನೆಯ ಪರಮೋಚ್ಚ ಅಧಿಪತ್ಯ ರಾಷ್ಟ್ರಪತಿಯದು. 1977ರಲ್ಲಿ ಐದು ತಿಂಗಳ ಕಾಲ ಆ ಸ್ಥಾನದಲ್ಲಿ ಹಂಗಾಮಿಯಾಗಿದ್ದವರು ನಮ್ಮದೇ ಜಮಖಂಡಿ ಸೀಮೆಯ ಬಿ.ಡಿ. ಜತ್ತಿ. ಒಂಬತ್ತು ವಿಧಾನಸಭೆಗಳ ವಿಸರ್ಜನೆಯ ಕಡತ ಬಂದಾಗ ಅವರು ಮೊದಲು ಹಿಂಜರಿದರು. ಕೊನೆಗೆ ಸಹಿ ಹಾಕಿದರು. ಏಕೆಂದರೆ ಸಂಪುಟದ ಸಲಹೆಗೆ ರಾಷ್ಟ್ರಪತಿ ಬದ್ಧರು. ಶಾಂತಿಕಾಲದ ಕಡತದಲ್ಲೇ ಹೀಗಾದರೆ ಯುದ್ಧದಲ್ಲಿ ಹೇಗೆ? ಸ್ವಂತ ಇಚ್ಛೆಯಿಂದ ಒಂದು ಗುಂಡು ಹಾರಿಸುವಂತೆ ಆಜ್ಞಾಪಿಸುವುದೂ ಅವರಿಂದಾಗದು. ಇದು ಒಳ್ಳೆಯದೇ.

ಆದರೆ ಆ ಅಧಿಕಾರ ಯಾರ ಬಳಿ ಉಳಿಯಿತು? ಸಂಪುಟದ ಬಳಿ. ತುರ್ತುಪರಿಸ್ಥಿತಿಯ ಘೋಷಣೆಗೆ ಸಂಪುಟದ ಲಿಖಿತ ನಿರ್ಣಯ ಬೇಕು, ಒಂದು ತಿಂಗಳೊಳಗೆ ಎರಡೂ ಸದನಗಳ ಒಪ್ಪಿಗೆ ಬೇಕು. 1978ರ 44ನೇ ತಿದ್ದುಪಡಿ ತಂದ ಈ ಬೇಲಿ ಗಟ್ಟಿಯಾದುದು. ಯುದ್ಧಕ್ಕೆ ಮಾತ್ರ ಅಂತಹ ಬೇಲಿಯಿಲ್ಲ. ಸೇನೆಯನ್ನು ಕಳುಹಿಸುವ ಮುನ್ನ ಸಂಸತ್ತಿನ ಮತ ಪಡೆಯಬೇಕೆಂದು ಸಂವಿಧಾನದ ಯಾವ ವಿಧಿಯೂ ಹೇಳುವುದಿಲ್ಲ. 2003ರ ಏಪ್ರಿಲ್‌ನಲ್ಲಿ ಇರಾಕ್ ಯುದ್ಧವನ್ನು ನಮ್ಮ ಲೋಕಸಭೆ ಒಮ್ಮತದಿಂದ ಖಂಡಿಸಿತ್ತು. ಪರರ ಯುದ್ಧದ ಕುರಿತು ಠರಾವು ಮಾಡಬಲ್ಲ ಸದನ, ನಮ್ಮ ಸೇನೆಯ ಕುರಿತೂ ಮತ ಚಲಾಯಿಸಬೇಡವೇ? ಮುಂದಿನ ಚುನಾವಣೆಯಲ್ಲಿ ಬಾಗಲಕೋಟೆಯ ಅಭ್ಯರ್ಥಿಗಳು ಬಂದಾಗ ನೀರು, ರಸ್ತೆ, ನೇಕಾರರ ಸಾಲದ ಜೊತೆ ಇದನ್ನೂ ನಾವು ಕೇಳೋಣ.