ಹಗೇವಿನ ಬಾಯಿ ತೆರೆದಿರಲಿ



ಚರಿತ್ರೆ ಎಂದೊಡನೆ ನಮ್ಮ ಕಣ್ಣು ಗೋಳಗುಮ್ಮಟದ ಕಡೆಗೆ ಹೋಗುತ್ತದೆ. ಯಾವ ದೊರೆ ಯಾವಾಗ ಪಟ್ಟಕ್ಕೆ ಬಂದ, ಯಾವ ಯುದ್ಧದಲ್ಲಿ ಸೋತ ಎಂಬುದನ್ನು ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಆ ದಿನಗಳಲ್ಲಿ ತಿಕೋಟಾದ ತಾಯಿಯೊಬ್ಬಳು ನಸುಕಿನಲ್ಲೆದ್ದು ನೀರಿಗಾಗಿ ಎಷ್ಟು ದೂರ ನಡೆದಳು? ಮಳೆ ಹೋದ ವರ್ಷ ಬಬಲೇಶ್ವರದ ಒಕ್ಕಲುತನದ ಮನೆಯಲ್ಲಿ ರೊಟ್ಟಿ ಎಲ್ಲಿಂದ ಬಂತು? ಹೀಗೆ ಕೇಳುವವರು ಕಡಿಮೆ. ಸಮಾಜ ಬದಲಾಯಿತೋ ಇಲ್ಲವೋ ಎಂಬುದನ್ನು ನೀರಿನ ಕೊಡದಿಂದ ಅಳೆಯಬೇಕು, ರೊಟ್ಟಿಯ ಬುಟ್ಟಿಯಿಂದ ಅಳೆಯಬೇಕು.

ಈ ಪಟ್ಟಣವನ್ನೇ ನೋಡಿರಿ. ಆದಿಲಶಾಹಿಗಳು ಮಹಲು ಗುಮ್ಮಟಗಳನ್ನು ಕಟ್ಟಿಸಿದರು. ಜೊತೆಗೇ ಪಶ್ಚಿಮದ ತೊರವಿಯ ಕಡೆಯಿಂದ ನೆಲದೊಳಗೆ ಕಾಲುವೆ ತೆಗೆಸಿ ಊರೊಳಗೆ ನೀರು ತಂದರು. 1651ರಲ್ಲಿ ಬೇಗಂ ತಲಾಬ ಆಯಿತು. ಅದಕ್ಕೂ ಮೊದಲು, 1633ರಲ್ಲಿ, ಈಗಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆ ಆಯಿತು. 1686ರಲ್ಲಿ ಔರಂಗಜೇಬನು ಪಟ್ಟಣವನ್ನು ಗೆದ್ದುಕೊಂಡನು. ರಾಜ್ಯ ಹೋಯಿತು, ಜನ ಚದುರಿದರು, ಮಹಲುಗಳ ಗೋಡೆಗಳಲ್ಲಿ ಗಿಡ ಬೆಳೆದವು. ಮಮದಾಪುರದ ಕೆರೆ ಮಾತ್ರ ಮಳೆಯಾದ ವರ್ಷಗಳಲ್ಲಿ ದನಕರುಗಳಿಗೆ ನೀರು ಕೊಡುತ್ತ ಉಳಿಯಿತು. ತನಗಾಗಿ ಕಟ್ಟಿದ್ದು ಬಿದ್ದಿತು, ಎಲ್ಲರಿಗಾಗಿ ಅಗೆದದ್ದು ನಿಂತಿತು. 2014ರಲ್ಲಿ ಬಿಜಾಪುರವು ವಿಜಯಪುರವಾಯಿತು. ಹೆಸರು ಬದಲಾಗುತ್ತದೆ, ಕಂದಾಯ ಕೇಳುವವರು ಬದಲಾಗುತ್ತಾರೆ, ಬಾಯಾರಿಕೆ ಬದಲಾಗುವುದಿಲ್ಲ.

ಈ ಕೆರೆಗಳಿಗಿಂತ ಐದು ನೂರು ವರ್ಷ ಹಿಂದೆ ನಮ್ಮ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಜನರ ದಿನದ ಬದುಕಿಗೇ ಕೈ ಹಾಕಿದರು. ಬಟ್ಟೆ ತೊಳೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಚರ್ಮದ ಕೆಲಸದ ಹರಳಯ್ಯ, ಕಸ ಗುಡಿಸುವ ಸತ್ಯಕ್ಕ, ಇವರೆಲ್ಲರೂ ಶರಣರ ಸಾಲಿನಲ್ಲಿ ಸರಿಸಮಾನರಾದರು. ದುಡಿಮೆ ಕಾಯಕವಾಯಿತು, ಹಂಚಿ ಉಣ್ಣುವುದು ದಾಸೋಹವಾಯಿತು. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಬಡವಿಯಾದ ಆ ತಾಯಿ ಸಂತೋಷಪಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಇಷ್ಟು ದೊಡ್ಡ ಕ್ರಾಂತಿಯನ್ನು ಯಾವ ಸೈನ್ಯ ಮಾಡೀತು?

ಮುಂದೆ ಏನಾಯಿತು? ಆ ಶರಣರ ಮಾತುಗಳಿದ್ದ ತಾಳೆಗರಿಯ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ, ಜಗಲಿಯ ಮೇಲಿಟ್ಟು, ಕುಂಕುಮ ಹಚ್ಚಿ ಪೂಜೆ ಮಾಡಿದೆವು, ಬಿಚ್ಚಿ ಓದಲಿಲ್ಲ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ, ಈ ಊರಿನಲ್ಲಿ ವಕೀಲರಾಗಿ ನೆಲೆಸಿದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಆ ಕಟ್ಟುಗಳನ್ನು ಬಿಚ್ಚಿಸಿದರು. 1923ರಲ್ಲಿ ಅವರ ‘ವಚನಶಾಸ್ತ್ರ ಸಾರ’ ಹೊರಬಂತು. ಅಚ್ಚುಕೂಟಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಮುಚ್ಚಿಟ್ಟ ಧನವನ್ನು ಊರಿಗೆ ತೆರೆದುಕೊಡುವುದೆಂದರೆ ಹೀಗೆ.

ಮುಚ್ಚಿಡುವ ಮಾತು ಬಂದಾಗ ಹಗೇವು ನೆನಪಾಗುತ್ತದೆ. ಇಲ್ಲಿರುವ ಹಿರಿಯರು ಹಗೇವನ್ನು ಕಂಡವರು, ಹುಡುಗರು ಹೆಸರನ್ನೂ ಕೇಳಿರಲಿಕ್ಕಿಲ್ಲ. ನೆಲದೊಳಗೆ ಆಳವಾಗಿ ತೋಡಿ, ಸುತ್ತ ಹುಲ್ಲು ಹಾಕಿ, ಬಿಳಿಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಕೆಟ್ಟ ವರ್ಷಕ್ಕೆ ಅದೇ ಆಸರೆ. ಆದರೆ ಹಗೇವನ್ನು ತೆರೆದೊಡನೆ ಒಳಗೆ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ವಿಷಗಾಳಿ ಇದೆ, ಇಳಿದವನು ಮೇಲೆ ಬರಲಾರ. ಜೋಳ ಅದೇ ಜೋಳ, ಅನ್ನ ಕೊಡುವ ಜೋಳ. ಬಾಯಿ ಮುಚ್ಚಿ ಬಹುಕಾಲ ಇಟ್ಟರೆ ಅದರ ಮಗ್ಗುಲಲ್ಲಿಯೇ ಮೃತ್ಯು ಕೂತಿರುತ್ತದೆ. ಸಂಪತ್ತಿನ ಗುಣವೂ ಇದೇ.

1876ರಲ್ಲಿ ಮಳೆ ಕೈಕೊಟ್ಟಿತು. ಆಗ ಇದು ಕಲಾದಗಿ ಜಿಲ್ಲೆ. ಎರಡು ವರ್ಷಗಳ ಬರದಲ್ಲಿ ಹಳ್ಳಿಗಳು ಬರಿದಾದವು. 1872ರ ಜನಗಣತಿಯನ್ನು 1881ರದರೊಂದಿಗೆ ಹೋಲಿಸಿದರೆ ಜಿಲ್ಲೆಯ ಐವರಲ್ಲಿ ಒಬ್ಬರು ಕಡಿಮೆಯಾಗಿದ್ದರು. ಕೆಲವರು ಸತ್ತರು, ಕೆಲವರು ಊರು ಬಿಟ್ಟರು. 1884ರಲ್ಲಿ ರೈಲು ಬಂತು. ಹೊರಗಿನ ಕಾಳು ಒಳಗೆ ಬರುವಂತಾಯಿತು, ಒಳಗಿನ ಕಾಳು ಹೊರಗೂ ಹೋಗುವಂತಾಯಿತು. 1972ರ ಬರದಲ್ಲಿ ನಮ್ಮ ಜನ ಕಲ್ಲು ಒಡೆದು ಹೊಟ್ಟೆ ಹೊರೆದರು. ಗುಳೆ ಹೋದವರ ಮನೆಯ ಬಾಗಿಲಿಗೆ ಮುಳ್ಳಿನ ಕಂಟಿ ಹಚ್ಚಿದ್ದನ್ನು ಕಂಡವರು ಈ ಸಭೆಯಲ್ಲಿಯೂ ಇದ್ದಾರೆ.

ಈಗ ಕಾಲ ತಿರುಗಿದೆ. ಏತ ನೀರಾವರಿಯಿಂದ ಕೃಷ್ಣೆ ಮೇಲೇರಿ ಬಂದಿದ್ದಾಳೆ. ಒಣಗಿದ ಕೆರೆಗಳು ತುಂಬಿವೆ, ಮಮದಾಪುರದ ಆ ಹಳೆಯ ಕೆರೆಗೂ ನೀರು ಬಂದಿದೆ. ಟ್ಯಾಂಕರಿನಲ್ಲಿ ನೀರು ತಂದು ದ್ರಾಕ್ಷಿಯ ಬಳ್ಳಿ ಬದುಕಿಸಿಕೊಂಡ ತಿಕೋಟಾ ಭಾಗದ ರೈತ ಇಂದು ಒಣದ್ರಾಕ್ಷಿಯನ್ನು ದೂರದ ಪೇಟೆಗೆ ಕಳಿಸುತ್ತಾನೆ. ಅವನ ಬೆವರಿಗೆ ನಾವು ಶರಣೆನ್ನುತ್ತೇವೆ. ಆದರೆ ಈ ನೀರು ಬರಿದೇ ಬಂದಿಲ್ಲ, ಬಂಧುಗಳೇ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು, ಎಷ್ಟೋ ಹಳ್ಳಿಗಳು ಮುಳುಗಿದವು. ಯಾರೋ ತಮ್ಮ ಹಿರಿಯರ ಸಮಾಧಿಗಳನ್ನು ನೀರಿಗೆ ಬಿಟ್ಟು ಎದ್ದು ಬಂದರು. ನಮ್ಮ ಹೊಲದ ಹಸಿರಿನಲ್ಲಿ ಅವರ ಪಾಲಿದೆ.

ಆದ್ದರಿಂದ ಕೇಳುತ್ತೇವೆ. ಬಿಸಿಲಲ್ಲಿ ನಿಂತು ದ್ರಾಕ್ಷಿ ಬಿಡಿಸುವ ತಾಯಿಗೆ ಗಂಡಾಳಿನಷ್ಟೇ ಪಗಾರ ಕೊಡುತ್ತೀರೋ, ಅಥವಾ ಹೆಣ್ಣಾಳೆಂದು ಕಡಿಮೆ ಮಾಡುತ್ತೀರೋ? ನೆರೆಯವನ ಬಾವಿ ಬತ್ತುವುದೆಂದು ತಿಳಿದೂ ಇನ್ನೊಂದು ಬೋರು ಕೊರೆಸುತ್ತೀರೋ? ನಿಮ್ಮೂರ ಕೆರೆಯ ಹೂಳಿಗೆ ವರ್ಷಕ್ಕೊಂದು ದಿನವಾದರೂ ಬುಟ್ಟಿ ಹಿಡಿಯುತ್ತೀರೋ? ಕೇರಿಯ ಜನ ನಿಮ್ಮ ಬಾವಿಯಲ್ಲಿ ಕೊಡ ಇಳಿಸಿದರೆ ಮುಖ ತಿರುಗಿಸುತ್ತೀರೋ? ಇದಕ್ಕೆ ಉತ್ತರ ಮಠದಲ್ಲಿ ಕೊಡಬೇಡಿರಿ, ಮನೆಗೆ ಹೋಗಿ ನಡತೆಯಲ್ಲಿ ಕೊಡಿರಿ.

ಈಗಿನ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದರು. ಅವರ ಅಂಗಿಗೆ ಜೇಬು ಇರಲಿಲ್ಲ. ತಮಗೆ ಸ್ಮಾರಕವೂ ಬೇಡವೆಂದು ಬರೆದಿಟ್ಟು ಹೋದರು. ನಾವು ನೀವು ಸಂಸಾರದ ನಡುವೆ ಇರುವವರನ್ನು ಜೇಬು ಕತ್ತರಿಸಿರಿ ಎನ್ನುವುದಿಲ್ಲ. ದುಡಿಯಿರಿ, ಬೆಳೆಯಿರಿ, ಕೆಟ್ಟ ಕಾಲಕ್ಕೆ ಕೂಡಿಡಿರಿ. ಆದರೆ ಹಗೇವಿನ ಬಾಯಿ ಊರಿನ ಕಡೆಗೆ ತೆರೆದಿರಲಿ. ಆಗ ಒಳಗಿಟ್ಟ ದೀಪ ಆರುವುದಿಲ್ಲ.