ಜೋಡಿಚಿತ್ರಗಳಲ್ಲಿ ಕಾಣುವ ದಾಂಪತ್ಯ
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಗಂಡ ಹೆಂಡತಿ ಜೊತೆಯಾಗಿರುವ ಹಳೆಯ ಫೋಟೋ ಸಿಕ್ಕಿದರೆ ಯಾರು, ಯಾವಾಗ ತೆಗೆದದ್ದು ಎಂದು ಕೇಳಿ ಮತ್ತೆ ಪೆಟ್ಟಿಗೆಗೆ ಸೇರಿಸುತ್ತೇವೆ. ಅದನ್ನು ಪುಸ್ತಕದಂತೆ ಓದಲೂ ಬರುತ್ತದೆ. ಜರ್ಮನಿಯ ಛಾಯಾಗ್ರಾಹಕ ಆಗಸ್ಟ್ ಸ್ಯಾಂಡರ್ (1876–1964) ತಮ್ಮ ದೇಶದ ಎಲ್ಲ ಬಗೆಯ ಜನರ ಚಿತ್ರ ತೆಗೆದು ಗುಂಪು ಗುಂಪಾಗಿ ಜೋಡಿಸಿದರು. ಅದರಲ್ಲಿ ದಂಪತಿಗಳದ್ದೇ ಒಂದು ಕಟ್ಟು. ಹೆಸರು 'ಹೆಣ್ಣು ಮತ್ತು ಗಂಡು'. ಕ್ರಮವನ್ನು ಗಮನಿಸಿ, ಹೆಣ್ಣು ಮೊದಲು.

1912ರ ಸುಮಾರಿಗೆ ತೆಗೆದ ವೃದ್ಧ ರೈತ ದಂಪತಿಯ ಚಿತ್ರಕ್ಕೆ ಅವರು 'ಶಿಸ್ತು ಮತ್ತು ಸಾಮರಸ್ಯ' ಎಂದು ಹೆಸರಿಟ್ಟರು. ಅದು ಛಾಯಾಗ್ರಾಹಕರ ಮಾತು. ಆ ಅಜ್ಜ ಅಜ್ಜಿ ಏನೆನ್ನುತ್ತಿದ್ದರೋ! ಚಿತ್ರಕಾರ ಓಟೋ ಡಿಕ್ಸ್ ದಂಪತಿಯ ಚಿತ್ರದಲ್ಲಿ ಗಂಡ ಪಕ್ಕಕ್ಕೆ ಮುಖ ಮಾಡಿದ್ದಾನೆ, ಹೆಂಡತಿ ಮಾರ್ತಾ ನೇರವಾಗಿ ನಮ್ಮನ್ನೇ ನೋಡುತ್ತಾಳೆ.

ನನ್ನನ್ನು ಹೆಚ್ಚು ಕಾಡಿದ್ದು 1926ರ ಸುಮಾರಿನ 'ಚಿತ್ರಕಾರನ ಪತ್ನಿ'. ಗಂಡ ಅದರಲ್ಲಿಲ್ಲ. ಹೆಲೆನ್ ಆಬೆಲೆನ್ ಎಂಬಾಕೆ ಗಿಡ್ಡ ಕೂದಲು, ಟೈ, ಬಿಳಿ ಪ್ಯಾಂಟು ಧರಿಸಿ, ಸಿಗರೇಟು ಕಚ್ಚಿ ನಿಂತಿದ್ದಾಳೆ. ಎಷ್ಟು ಸ್ವತಂತ್ರಳು ಎನಿಸುತ್ತದೆ. ಆದರೆ ಆ ಉಡುಪನ್ನು ರೂಪಿಸಿದವನು ಗಂಡನೇ! ಹಾಗಾದರೆ ನಾವು ನೋಡುತ್ತಿರುವುದು ಆಕೆಯ ಇಷ್ಟವನ್ನೋ, ಅವನ ಕಲ್ಪನೆಯನ್ನೋ? ಫೋಟೋ ಒಂದೇ ನೋಡಿ ತೀರ್ಪು ಕೊಡುವಂತಿಲ್ಲ.

ಸ್ಯಾಂಡರ್ ಅವರ 1929ರ ಪುಸ್ತಕದ ಅಚ್ಚಿನ ಫಲಕಗಳನ್ನು ನಾಜಿಗಳು 1936ರಲ್ಲಿ ನಾಶ ಮಾಡಿದರು. ಅದು ಬೇರೆಯೇ ಕಥೆ.

ಇನ್ನು ನಮ್ಮ ದೇಶದ ಮಾತು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ (1913–2012). ಕ್ಯಾಮೆರಾ ಹಿಡಿಯಲು ಕಲಿಸಿದವರು ಪತಿ ಮಾಣೆಕ್‌ಷಾ. ಆಕೆ ತೆಗೆದ ಆರಂಭದ ಚಿತ್ರಗಳು ಅಚ್ಚಾದದ್ದೂ ಪತಿಯ ಹೆಸರಿನಲ್ಲೇ. ಇದನ್ನು ಕೇಳಿದೊಡನೆ ಪತಿಯನ್ನು ದೂರಬೇಡಿ. ಹೆಂಗಸಿನ ಹೆಸರನ್ನು ಪತ್ರಿಕೆಗಳು ನಂಬದಿದ್ದ ಕಾಲ ಅದು; ಆಕೆಯ ಕೆಲಸ ಆ ಹೆಸರಿನ ನೆರಳಲ್ಲಿ ಓದುಗರನ್ನು ತಲುಪಿತು. ಆದರೂ ಅದು ನೆರಳೇ. 1969ರಲ್ಲಿ ಪತಿ ತೀರಿಕೊಂಡರು, ಮರುವರ್ಷ ಹೋಮಾಯ್ ವೃತ್ತಿಯನ್ನೇ ಬಿಟ್ಟರು. 2011ರಲ್ಲಿ ಪದ್ಮವಿಭೂಷಣ ಬಂದದ್ದು ಅವರ ಸ್ವಂತ ಹೆಸರಿಗೆ.

ಸಂಪಾದಕ ಮಿತ್ರರಲ್ಲಿ ಒಂದು ವಿನಂತಿ. ನಮ್ಮ ಸಂಚಿಕೆಗಳಲ್ಲಿ ಫೋಟೋದ ಕೆಳಗೆ 'ಜನಾಬ್ ಇಂಥವರು ಮತ್ತು ಪತ್ನಿ' ಎಂದು ಅಚ್ಚಾಗುವುದನ್ನು ನೋಡಿದ್ದೇನೆ. ಈ ಸಲ ಆ ತಾಯಂದಿರ ಹೆಸರನ್ನು ಕೇಳಿಕೊಂಡು ಬರೆಯಿರಿ.