ನಾಯಿಯ ಉಣ್ಣೆ ಮತ್ತು ನಮ್ಮ ಮನೆಯ ಗೋಡೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಕಮಲಾಪುರದಲ್ಲಿ ನಡೆದ ಪಶುಪಾಲನಾ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಇಂಥ ಸಮಾರಂಭದಲ್ಲಿ ಸಾಲ, ಗೊಬ್ಬರ, ಬಾಳೆ, ಕಬ್ಬು ಇವುಗಳ ಬಗ್ಗೆ ಮಾತಾಡುವುದು ವಾಡಿಕೆ. ನಾಯಿ ವಿಷಯ ಯಾಕ್ರೀ ಅಂತ ಹಿಂದಿನ ಸಾಲಿನವರು ಆಗಲೇ ನಗ್ತಿದ್ದಾರೆ. ನಗಲಿ. ಆದರೆ ತೋಟಕ್ಕೂ ಕುರಿಹಟ್ಟಿಗೂ ರಾತ್ರಿ ಕಾವಲು ಯಾರದು ಹೇಳಿ? ದರೋಜಿ ಕರಡಿಧಾಮ ಆದದ್ದು 1994ರಲ್ಲಿ. ಕರಡಿ, ಚಿರತೆ ಈ ಬಂಡೆಗಳ ನಡುವೆ ಅದಕ್ಕೂ ಎಷ್ಟೋ ಮೊದಲಿನಿಂದ ಇವೆ. ಅವು ಬಂದ ಸುದ್ದಿ ಮೊದಲು ಕೊಡೋದು ನಾಯಿಯೇ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನವರು ದೇವರ ಮುಂದೆ ನಾಯಿಯಂತೆ ಬೊಗಳಿ ಸೇವೆ ಮಾಡುತ್ತಾರೆ. ನಾಯಿಗೆ ಅಷ್ಟು ಮರ್ಯಾದೆ ಕೊಟ್ಟ ಸೀಮೆ ನಮ್ಮದು.

ಆ ನಾಯಿ ಒಂದು ದಿನ ಹಿಟ್ಟು ಮುಟ್ಟದೆ ಮೂಲೆ ಸೇರುತ್ತದೆ. ಮೈ ಸುಡುತ್ತದೆ. ವಸಡು ಬೆಳ್ಳಗಾಗುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ ಬರುತ್ತದೆ. ಯಾರೋ ವಿಷ ಹಾಕಿದರು ಅಂತ ಪಕ್ಕದ ಮನೆಯವರ ಜೊತೆ ಜಗಳ ಶುರು! ವಿಷ ಹಾಕಿದವರು ಯಾರೂ ಇರುವುದಿಲ್ಲ. ಕಿವಿ ಮಡಚಿ ನೋಡಿ, ಕಾಲ್ಬೆರಳ ಸಂದು ನೋಡಿ, ಕೊರಳಪಟ್ಟಿ ಬಿಚ್ಚಿ ನೋಡಿ. ಹರಳು ಬೀಜದಂತೆ ಉಬ್ಬಿದ ಉಣ್ಣೆ ಸಿಗುತ್ತದೆ. (ಕುರಿಯ ಕೂದಲಿಗೂ ಉಣ್ಣೆ, ರಕ್ತ ಕುಡಿಯುವ ಹುಳಕ್ಕೂ ಉಣ್ಣೆ.)

ಈ ಉಣ್ಣೆ ಕಚ್ಚುವಾಗ ಎರ್ಲಿಕಿಯಾ ಎಂಬ ರೋಗಾಣು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಸೇರಬಲ್ಲದು. 1935ರಲ್ಲಿ ಆಲ್ಜೀರಿಯಾ ದೇಶದ ನಾಯಿಗಳಲ್ಲಿ ಇದನ್ನು ಮೊದಲು ಗುರುತಿಸಿದರು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದ ಜರ್ಮನ್ ಶೆಫರ್ಡ್ ನಾಯಿಗಳು ಬಹಳಷ್ಟು ಸತ್ತದ್ದು ಇದೇ ರೋಗದಿಂದ. ಗುಂಡಿಗೆ ಅಂಜದ ನಾಯಿಗಳು ಉಣ್ಣೆಗೆ ಬಿದ್ದವು. ಬಬೇಸಿಯಾ ಅಂತ ಇನ್ನೊಂದಿದೆ; ಅದರಲ್ಲಿ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಬಹುದು. ಎರಡಕ್ಕೂ ಔಷಧಿ ಬೇರೆ ಬೇರೆ, ಆದ್ದರಿಂದ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಸಾಮಾನ್ಯವಾಗಿ 28 ದಿನ ಕೊಡಲು ವೈದ್ಯರು ಹೇಳುತ್ತಾರೆ. ನಮ್ಮವರು ಐದನೇ ದಿನ ನಾಯಿ ಬಾಲ ಅಲ್ಲಾಡಿಸಿತು ಅಂದ ಕೂಡಲೇ ಉಳಿದ ಗುಳಿಗೆಯನ್ನು ಗೂಡಿನಲ್ಲಿ ಇಟ್ಟುಬಿಡ್ತಾರೆ. ರೋಗ ಒಳಗೇ ಕೂತು, ತಿಂಗಳುಗಳಾದ ಮೇಲೆ ನಾಯಿಯನ್ನು ಸೊರಗಿಸಿ ಕೊಲ್ಲುತ್ತದೆ.

ಇನ್ನು ಗೋಡೆಯ ವಿಷಯ. ನಾವು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದನ್ನೇ. ನಾಯಿಯ ಮೈಮೇಲೆ ಕಾಣುವುದು ಊಟಕ್ಕೆ ಬಂದ ಉಣ್ಣೆ ಮಾತ್ರ, ಅದರ ಮನೆ ಬೇರೆ. ಹೆಣ್ಣುಣ್ಣೆ ಹೊಟ್ಟೆ ತುಂಬ ರಕ್ತ ಕುಡಿದು, ಕೆಳಗೆ ಉದುರಿ, ಗೋಡೆ ಹತ್ತಿ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮರಿಗೆ ಆರು ಕಾಲು, ಬೆಳೆದರೆ ಎಂಟು. ಮೂರು ಹಂತದಲ್ಲಿ ಮೂರು ಸಲ ನಾಯಿಗೆ ಹತ್ತಿ ಕುಡಿದು, ಪ್ರತಿ ಸಲವೂ ಇಳಿದು ಸಂದಿ ಸೇರುತ್ತದೆ. ಬೆಳೆದ ಉಣ್ಣೆ ಏನೂ ತಿನ್ನದೆ ತಿಂಗಳುಗಟ್ಟಲೆ ಕಾಯಬಲ್ಲದು. ನಮ್ಮ ಕಡೆ ಕಲ್ಲಿನ ಗೋಡೆ, ಹಾಸುಗಲ್ಲಿನ ನೆಲ, ಮೇಲೆ ಈ ಬಿಸಿಲು. ಉಣ್ಣೆಗೆ ಇದಕ್ಕಿಂತ ಒಳ್ಳೆ ಛತ್ರ ಎಲ್ಲಿ ಸಿಗಬೇಕು? ಹೀಗಿರುವಾಗ ನಾಯಿಗೆ ಒಂದು ಸಲ ಔಷಧಿ ಸ್ನಾನ ಮಾಡಿಸಿ ಕೈತೊಳೆದುಕೊಂಡರೆ ಏನು ಬಂತು? ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ.

ಆದ್ದರಿಂದ ನಾಯಿ ಮಲಗುವ ಜಾಗದ ಬಿರುಕುಗಳಿಗೆ ಗಾರೆ ತುಂಬಿ, ಸುಣ್ಣ ಹೊಡೆಯಿರಿ. ಹಾಸಿದ ಗೋಣಿಚೀಲವನ್ನು ಸುಟ್ಟುಬಿಡಿ, ಇಲ್ಲವೇ ಕುದಿಯುವ ನೀರಿಗೆ ಹಾಕಿ. ಗೋಡೆಗೂ ನಾಯಿಗೂ ಒಂದೇ ದಿನ ಔಷಧಿ ಆಗಬೇಕು, ವೈದ್ಯರು ಹೇಳಿದಷ್ಟು ದಿನಕ್ಕೊಮ್ಮೆ ಎರಡು ಮೂರು ತಿಂಗಳು ಮತ್ತೆ ಮತ್ತೆ ಆಗಬೇಕು. ಜವಾರಿ ಕೋಳಿ ಇದ್ದವರಿಗೆ ಸ್ವಲ್ಪ ಅನುಕೂಲ, ಅವು ಉಣ್ಣೆಯನ್ನು ಹೆಕ್ಕಿ ತಿನ್ನುತ್ತವೆ. ಕಚ್ಚಿಕೊಂಡ ಉಣ್ಣೆಯನ್ನು ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ಸೋಪಿನ ನೀರಿಗೆ ಹಾಕಿ. ಉಗುರಲ್ಲಿ ಚಟ್ ಅನ್ನಿಸುವ ಚಟ ಬಿಡಬೇಕು. ಈ ಉಣ್ಣೆ ಮನುಷ್ಯರಿಗೂ ಒಂದು ಜಾತಿಯ ಟೈಫಸ್ ಜ್ವರ ತರಬಲ್ಲದು. ಮಂಗನ ಕಾಯಿಲೆಯೇ ಇದು ಅಂತ ಕೆಲವರು ಕೇಳಿದ್ದಾರೆ. ಅಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಆ ಕಾಯಿಲೆಯನ್ನು ಹರಡುವ ಕಾಡಿನ ಉಣ್ಣೆ ಬೇರೆ ಜಾತಿ.

ಈಗ ಕಹಿ ಮಾತು. ಬೆಳೆಗೆಂದು ಸಂಘದ ಮಳಿಗೆಯಲ್ಲಿ ಕೊಂಡ ಕೀಟನಾಶಕವನ್ನೇ ಒಂದು ಮುಚ್ಚಳ ನೀರಿಗೆ ಬೆರೆಸಿ ನಾಯಿಗೆ ಸುರಿಯುವ ಪದ್ಧತಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್ ಇಂಥವು ಚರ್ಮದಿಂದಲೂ ಒಳಗೆ ಇಳಿಯುತ್ತವೆ. ಮೇಲಾಗಿ ನಾಯಿ ಮೈ ನೆಕ್ಕುತ್ತದೆ. ಜೊಲ್ಲು ಸುರಿದು, ನಡುಕ ಬಂದು, ಉಸಿರು ಕಟ್ಟುತ್ತದೆ. ಉಣ್ಣೆಯೂ ಹೋಯಿತು, ನಾಯಿಯೂ ಹೋಯಿತು! ಹಾಗೇನಾದರೂ ಆದರೆ ಕೈಚೀಲ ಹಾಕಿಕೊಂಡು ಸೋಪು ನೀರಿನಿಂದ ತೊಳೆದು, ಡಬ್ಬಿ ಸಮೇತ ಪಶು ಆಸ್ಪತ್ರೆಗೆ ಓಡಬೇಕು. ಸೀಮೆಎಣ್ಣೆ, ಸುಟ್ಟ ಇಂಜಿನ್ ಆಯಿಲ್ ಇವೂ ಔಷಧಿಯಲ್ಲ. ನಾಯಿಗೆಂದೇ ಇರುವ ಔಷಧಿಯನ್ನೂ ಮರಿಗೆ, ಗಬ್ಬದ ನಾಯಿಗೆ ಕೇಳದೆ ಹಾಕಬಾರದು. ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕಿಗೆ ವಿಷ. ಡೆಲ್ಟಾಮೆಥ್ರಿನ್ ಬೆರೆಸಿದ ಬಕೆಟ್ಟನ್ನು ಕೆರೆಯಲ್ಲೋ ಬಸವಣ್ಣ ಕಾಲುವೆಯಲ್ಲೋ ತೊಳೆದರೆ ಮೀನು ಸಾಯುತ್ತವೆ.

ಅಮೆರಿಕದಲ್ಲಿ ದನಗಳ ಜ್ವರಕ್ಕೆ ಉಣ್ಣೆಯೇ ಕಾರಣ ಅಂತ ದನಗಾರರು ಹೇಳಿದಾಗ ಓದಿದವರು ನಂಬಲಿಲ್ಲ. ಸ್ಮಿತ್, ಕಿಲ್‌ಬೋರ್ನ್ ಎಂಬಿಬ್ಬರು 1893ರಲ್ಲಿ ಅದು ನಿಜವೆಂದು ತೋರಿಸಿಕೊಟ್ಟರು. ನಮ್ಮ ಕುರಿಗಾರರೂ ಇದನ್ನೆಲ್ಲ ಕಣ್ಣಾರೆ ಕಂಡವರೇ, ಅವರನ್ನು ಕೇಳಿ.

ನಿರ್ದೇಶಕರಲ್ಲಿ ಒಂದು ಕೋರಿಕೆ. ಒಂದು ಮನೆಯವರು ಹೊಡೆದು ಪಕ್ಕದವರು ಬಿಟ್ಟರೆ ಬೀದಿ ನಾಯಿಯ ಮೈಮೇಲೆ ಉಣ್ಣೆ ವಾಪಸು ಬರುತ್ತದೆ. ಓಣಿಗೆ ಓಣಿಯೇ ಒಂದೇ ದಿನ ಮಾಡಬೇಕು. ಅದಕ್ಕಾಗಿ ಸಂಘದಿಂದ ಒಂದು ಪಂಪು ಪ್ರತ್ಯೇಕ ಇಡಿಸಿ. ಕಳೆನಾಶಕ ಹೊಡೆದ ಪಂಪು ಬೇಡ. ಬಾಡಿಗೆ ಎಷ್ಟು ಅನ್ನೋದನ್ನು ಇವತ್ತೇ, ಊಟಕ್ಕೆ ಏಳುವ ಮೊದಲು, ತೀರ್ಮಾನ ಮಾಡೋಣ.